ಗಿಡದ ಮ್ಯಾಲೆ ಹಾಕಿದ ಸೀನು

ಖಾನಾಪೂರದಾಗ ಒಂದು ಗಲ್ಲಿ ಐತಿ. ಹೋದ ಬ್ಯಾಸಗಿಯೊಳಗ ಆ ಗಲ್ಲಿ ಮಂದಿ ಸೀನಬೇಕಾದ್ರ ಕಳವಿಗೆ ಹೋದವರಂಗ ಹೋಗತಿದ್ರು. ಸೀನು ಬಂತು ಅಂದ್ರ ಒಬ್ರು ಗಾದಿಯೊಳಗ ಮುಖಾ ಹುದಗಸತಿದ್ರು, ಒಬ್ರು ಜ್ವಾಳದ ಚೀಲದಾಗ ತಲಿ ತುರಕತಿದ್ರು, ಮತ್ತೊಬ್ರು ಬಚ್ಚಲಕ್ಕ ಓಡಿ ನಳಾ ಪೂರಾ ಬಿಟ್ಟು ಸೀನತಿದ್ರು. ಕಿರಾಣಿ ಅಂಗಡಿ ಸಿದರಾಯ ಬಂದ ಸೀನು ನುಂಗಾಕ ಹೋದ. ಅದು ಎಲ್ಲಿಂದ ಹೊರಗ ಬಿತ್ತೋ ಯಾರಿಗೂ ತಿಳೀಲಿಲ್ಲ, ತಕ್ಕಡಿಯೊಳಗಿನ ಪಾವ ಕಿಲೋ ಮೆಣಸಿನಕಾಯಿ ಹೋಗಿ ಎದರಿಗಿನ ಗ್ವಾಡಿಗೆ ಅಂಟಿದ್ದು ಮಾತ್ರ ಎಲ್ಲಾರೂ ನೋಡ್ಯಾರ. ಗುರ್ತು ಇನ್ನೂ ಐತಿ, ಹೋದ್ರ ತೋರಸ್ತಾರ.

ಇಷ್ಟೆಲ್ಲಾ ಯಾಕಂದ್ರ, ನಾಚಿಕಿ. ಗಲ್ಲಿ ತುದಿ ಮನ್ಯಾಗಿನ ಅಲಕಾ ವೈನಿಗೆ, ಎಲ್ಲಾರೂ ಅತ್ತಿಗಿ ಅಂತ ಕರಿಯಾಕಿಗೆ, ಸೀನು ಕೇಳಸಬಾರದು, ಅಷ್ಟ.

ಆ ನಾಚಿಕಿ ಗಲ್ಲಿಯವರಿಗೆಲ್ಲಾ ಒಂದೊಂದು ಚಮಚಾ ಬಂದಿತ್ತು. ಬಸಲಿಂಗಪ್ಪನ ಪಾಲಿಗೆ ಮಾತ್ರ ಕೊಡಾ ತುಂಬಿ ಬಂದಿತ್ತು.

ಬಸಲಿಂಗಪ್ಪ ಅಂದ್ರ ಉದ್ಯಮಬಾಗದ ಒಂದು ಫೌಂಡ್ರಿಯೊಳಗ ಮೂವತ್ತು ವರ್ಷದಿಂದ ಮೇಸ್ತ್ರಿ. ದಿನಾ ಮುಂಜಾನೆ ಏಳರ ಬಸ್ಸಿಗೆ ಬೆಳಗಾವಿಗೆ ಹೋಗಾಂವ, ಸಂಜಿಕ ತಿರಗಿ ಬರಾಂವ. ಅಲ್ಲಿ ಕರೇ ಉಸುಕಿನ ಅಚ್ಚು ಮಾಡಿ, ಅದರಾಗ ಕಾಸಿದ ಕಬ್ಬಿಣ ಹೊಯ್ತಾರ. ಉಸುಕು ಅಂದ್ರ ಬರೇ ಉಸುಕಲ್ಲ, ಜೇಡಿಮಣ್ಣು, ಕಲ್ಲಿದ್ದಲ ಪುಡಿ ಎಲ್ಲಾ ಕಲಸಿದ್ದು. ನಾಕ ಸಲ ಸುಟ್ಟ ಮ್ಯಾಲೆ ಅದು ಕೆಲಸಕ್ಕ ಬರೂದಿಲ್ಲ, ಹಿತ್ತಲದಾಗ ಒಗೀತಾರ. ಒಗದು ಒಗದು ಅಲ್ಲೊಂದು ಗುಡ್ಡಾನ ಎದ್ದಿತ್ತು. ಮಾಲಕಗ ಆ ಗುಡ್ಡದ್ದ ಚಿಂತಿ.

ಬಸಲಿಂಗಪ್ಪಗ ತನ್ನ ಗಲ್ಲಿ ಚಿಂತಿ. ಖಾನಾಪೂರದ ಮಳಿ ಎಲ್ಲಾರಿಗೂ ಗೊತ್ತಿದ್ದದ್ದ. ಆಷಾಢದಾಗ ಆ ಗಲ್ಲಿಯೊಳಗ ರಾಡಿ ಎಷ್ಟು ಅಂದ್ರ, ಒಂದು ವರ್ಷ ನಾಗಲಿಂಗನ ಎಮ್ಮಿ ಮನಿ ಮುಂದ ಮುಳಗಿದ್ದು, ಎಂಟು ದಿನದ ಮ್ಯಾಲೆ ಹದಿನೈದು ಮೈಲಿ ಆಚೆ ಲೋಂಡಾದಾಗ ಎದ್ದಿತ್ತು. ಹಾಲು ಮಾತ್ರ ಒಂದು ಹೊತ್ತೂ ತಪ್ಪಿಸಿರಲಿಲ್ಲ ಅಂತಾರ.

ಹಂಗಾಗಿ ಬಸಲಿಂಗಪ್ಪ ಮಾಲಕನ ಮುಂದ ಒಂದು ಮಾತು ಹಾಕಿದ. ಮಾಲಕ ಹಿಂದ ಮುಂದ ನೋಡಲಿಲ್ಲ. ಆ ಬ್ಯಾಸಗಿ ಹಿಂದಿನ ಮಳಿಗಾಲಕ್ಕ ಹದಿನಾಕು ಟೆಂಪೋ ಕರೇ ಉಸುಕು ಪುಕಟ ಬಂದು ಗಲ್ಲಿ ತುಂಬ ಬಿತ್ತು. ಬಸಲಿಂಗಪ್ಪ ತಾನ ನಿಂತು ಹಾಸಿಸಿದ. ಆ ವರ್ಷ ರಾಡಿ ಇಲ್ಲ, ಎಮ್ಮಿ ಮುಳಗಲಿಲ್ಲ, ಹೆಣ್ಣಮಕ್ಕಳು ಸೀರಿ ಎತ್ತಿ ಹಿಡೀಲಾರದ ನಡದ್ರು. ದಸರಾದಾಗ ಗಲ್ಲಿ ಮಂದಿ ಅವಗ ಶಾಲು ಹೊಚ್ಚಿ ಸತ್ಕಾರ ಮಾಡಿದ್ರು. ಚೆಂಡ ಹೂವಿನ ಮಾಲಿ ಕಟ್ಟಿದಾಕಿ ಅಲಕಾ ವೈನಿನ. ಆ ಫೋಟೋ ಚೌಕಟ್ಟು ಹಾಕಿಸಿ ಪಡಸಾಲ್ಯಾಗ ತೂಗ ಹಾಕಿದ.

ಸಂಕ್ರಾಂತಿ ಆತು, ನೆಲಾ ಒಣಗಿತು. ಗಾಡಿ ಗಾಲಿಗೆ ಸಿಕ್ಕು ಉಸುಕು ಹಿಟ್ಟಾತು. ಹೆಂಡ್ತಿ ನಿಂಗವ್ವ ಒಂದಿನ ಅಂದ್ಳು, "ನಿಮ್ಮ ಸತ್ಕಾರದ ಫೋಟೋ ಮುಂಜಾನೆ ವರಸಿದ್ರ ಸಂಜಿಕ ಮತ್ತ ಕರ್ರಗಾಗತೈತಿ ನೋಡ್ರಿ. ಮಾರಿನ ಕಾಣಂಗಿಲ್ಲ."

"ಫೋಟೋ ತಗದಾಂವ ಸರಿ ಇಲ್ಲ," ಅಂದ ಬಸಲಿಂಗಪ್ಪ.

ಆಮ್ಯಾಲೆ ಸೀನು ಸುರು ಆತು. ಮೊದಲು ಸಾಕ್ಷಿಗೆ. ಸಾಕ್ಷಿ ಅಂದ್ರ ಬಸಲಿಂಗಪ್ಪನ ಮೊಮ್ಮಗಳು, ಮಗ ಓಂಕಾರನ ಮಗಳು, ಒಂಬತ್ತು ವರ್ಷದಾಕಿ. ಮುಂಚೆ ವರ್ಷಕ್ಕೊಮ್ಮಿ ಹುಲ್ಲು ತೆನಿ ಬಿಟ್ಟಾಗ ನಾಕ ಸೀನು ಸೀನಿ ಸುಮ್ಮನಾಗ್ತಿದ್ಳು. ಈ ಸಲ ಸೀನಿನ ಬೆನ್ನ ಹತ್ತಿ ದಮ್ಮು ಬಂತು. ಎದಿಯೊಳಗ ಯಾರೋ ಸಣ್ಣ ಪುಂಗಿ ಊದಿದಂಗ ಸಪ್ಪಳ.

ಸಾಕ್ಷಿಯಿಂದ ಗಲ್ಲಿಗೆಲ್ಲಾ ಹಬ್ಬಿತು. ಹೊಂಟಾಗ ಒಂಟಿ ಸೀನು ಕೇಳಿದ್ರ ಅಪಶಕುನ, ಮನಿ ಬಿಡಬಾರದು; ಒಂದೀಟು ಕುಂತು ನೀರು ಕುಡದು ಮತ್ತ ಹೊಂಡಬೇಕು, ಇದು ಎಲ್ಲಾರ ಮನ್ಯಾಗೂ ಇದ್ದದ್ದ. ಆದ್ರ ಗಲ್ಲಿ ತುಂಬ ಸೀನ ಇದ್ರ ಮನಶ್ಯಾ ಹೊಂಡೂದು ಯಾವಾಗ? ಹೊಸ್ತಲಾ ದಾಟಿದ್ರ ಒಂದು ಸೀನು. ಕುಂತು, ನೀರು ಕುಡದು, ಮತ್ತ ಎದ್ರ ಮತ್ತೊಂದು ಸೀನು. ಏಳರ ಬಸ್ಸು ಖಾಲಿ ಹೋಗಾಕ ಹತ್ತಿತು. ಮೈಲಾರಲಿಂಗನ ಮಗಗ ಕನ್ಯಾ ನೋಡಾಕ ಸೋಮವಾರ ಹೊಂಟವರು ಗಲ್ಲಿ ತುದಿ ಮುಟ್ಟೂದ್ರಾಗ ಆ ಕನ್ಯಾಗ ಬ್ಯಾರೆ ಕಡೆ ಮದಿವ್ಯಾಗಿ, ಆಕಿ ತವರಮನಿಗೆ ಯುಗಾದಿ ಹಬ್ಬಕ್ಕ ಬಂದಿದ್ಳು.

ಇದಕ್ಕ ಕಾರಣ ಯಾರರೆ ಇರಬೇಕಲ್ಲ?

ಗಲ್ಲಿ ತುದಿಗೆ ಅಲಕಾ ವೈನಿ ಅಂಗಳದಾಗ ಒಂದು ಸುರಂಗಿ ಗಿಡಾ ಇತ್ತು. ಆಕಿ ಅತ್ತಿ ಹಚ್ಚಿದ್ದು. ಶಿವರಾತ್ರಿ ಸುತ್ತ ಮೊಗ್ಗು ಬಿಡೂದು. ಅಲಕಾ ವೈನಿ ಅದನ್ನ ಪೋಣಿಸಿ ಬಸ್‌ಸ್ಟ್ಯಾಂಡಿನ್ಯಾಗ ಮಾರತಿದ್ಳು. ಎಂಥಾ ವಾಸನಿ ಅಂತೀರಿ! ಗೋವಾಕ್ಕ ಹೋಗೂ ಬಸ್ಸಿನ್ಯಾಗ ಒಬ್ಬ ಹೆಣ್ಣಮಗಳು ಒಂದು ಮಾಲಿ ಮುಡದು ಕುಂತ್ರ, ಸೀಟಿನ ಸಲವಾಗಿ ಪಣಜಿ ತನಕ ಯಾರೂ ಜಗಳಾ ತಗೀತಿರಲಿಲ್ಲ.

ಬಸಲಿಂಗಪ್ಪ ಸಿದರಾಯನ ಅಂಗಡಿ ಮುಂದ ನಿಂತು ತೀರ್ಪು ಕೊಟ್ಟ. "ಅಲರ್ಜಿ ಅಂದ್ರ ಹೂವಿಂದ ಬರೂದು. ಮೊಬೈಲಿನ್ಯಾಗ ಐತಿ. ನಮ್ಮ ಗಲ್ಲಿಯೊಳಗ ಹೂವಿನ ಗಿಡಾ ಯಾರ ಮನ್ಯಾಗ ಐತಿ? ನೀವ ಲೆಕ್ಕಾ ಹಾಕ್ರಿ."

ಲೆಕ್ಕಾ ಹಾಕಾಕ ಇದ್ದದ್ದ ಒಂದ ಗಿಡಾ. ಹಂಗಾಗಿ ಯಾರಿಗೂ ತ್ರಾಸ ಆಗಲಿಲ್ಲ.

ಐದ ಮಂದಿ ಕೂಡಿ ಹೋದ್ರು. ಅಲಕಾ ವೈನಿ ಜಗಳಾ ತಗೀತಾಳ ಅಂತ ಸಿದರಾಯ ನಾಕ ಬೈಗಳಾ ಮೊದಲ ಬಾಯಿಪಾಠ ಮಾಡಿಕೊಂಡಿದ್ದ. ಬಸಲಿಂಗಪ್ಪ ಬೈಗಳಾ ಒಯ್ಯಲಿಲ್ಲ. ಸಾಕ್ಷಿನ್ನ ಕೈ ಹಿಡದು ಕರಕೊಂಡು ಹೋದ. ಮುಂದ ರಾತ್ರಿ ಹಗಲು ಅವನ್ನ ಕಾಡಿದ್ದು ಇದ ಮಾತು: ಕೂಸಿನ ದಮ್ಮು ತೋರಸಾಕ ಕೂಸಿನ್ನ ಒಯ್ದಿದ್ದ.

ಅಲಕಾ ವೈನಿ ಎಲ್ಲಾ ಕೇಳಿದ್ಳು. ಸಾಕ್ಷಿ ಎದಿಗೆ ಕಿವಿ ಹಚ್ಚಿದ್ಳು. ಪುಂಗಿ ಸಪ್ಪಳ ಕೇಳಿ ಗಿಡದ ಕಡೆ ಒಮ್ಮಿ ನೋಡಿದ್ಳು.

"ಪೋರಿ ಉಸರಕಿಂತ ಹೂವ ದೊಡ್ಡದೇನ್ರಿ ಭಾವಜಿ? ಕಡೀರಿ," ಅಂದ್ಳು. "ಇವತ್ತೊಂದಿನ ಬಿಡ್ರಿ. ಮೊಗ್ಗು ಬಂದಾವು, ಬಿಡಿಸಿಕೊತೀನಿ."

ಸಿದರಾಯನ ಬೈಗಳಾ ಹಂಗ ಉಳದ್ವು. ಅವನ್ನ ಆಮ್ಯಾಲೆ ಉದ್ರಿ ಗಿರಾಕಿ ಮ್ಯಾಲೆ ಖರ್ಚು ಮಾಡಿದ.

ಆವತ್ತು ಸಂಜಿ ತನಕ ಅಲಕಾ ವೈನಿ ಮೊಗ್ಗು ಬಿಡಿಸಿ ಮನಿ ಮನಿಗೆ ಒಂದೊಂದು ಬೊಗಸಿ ಹಂಚಿದ್ಳು. ಸಾಕ್ಷಿ ಜಡಿಗೆ ಒಂದು ಮಾಲಿ ಮುಡಿಸಿ, "ಸೀನು ಬಂದ್ರ ಕಿತ್ತಿ ಒಗಿ ಕೂಸ," ಅಂದ್ಳು. ಸಾಕ್ಷಿ ಅದನ್ನ ಮುಡಕೊಂಡ ಮಲಗಿದ್ಳು. ಮುಂಜಾನೆ ಎದ್ದಾಗ ಮಾಲಿ ದಿಂಬಿನ ಮ್ಯಾಲೆ ಇತ್ತು, ಕೂಸು ಒಂದು ಸೀನೂ ಸೀನಿರಲಿಲ್ಲ. ಬಸಲಿಂಗಪ್ಪ ಅದನ್ನ ನೋಡಿದ. ನೋಡಿ, ಕ್ಯಾಲೆಂಡರಿನ ಕಡೆ ಮಾರಿ ತಿರುವಿ ಅವತ್ತು ಯಾವ ವಾರ ಅಂತ ನೋಡಾಕ ಹತ್ತಿದ.

ಗಿಡಾ ಕಡದ್ರು. ಹಗ್ಗಾ ಕಟ್ಟಿದಾಂವ ಅಲಕಾ ವೈನಿ ಗಂಡ ಕೃಷ್ಣಾಜಿನ. ಮೊದಲನೇ ಕೊಡಲಿ ಏಟು ಬಸಲಿಂಗಪ್ಪಂದು.

ಮರದಿನಾನ ಅಕಾಲ ಮಳಿ ಬಂತು. ಎರಡ ದಿವಸ ಸುರೀತು. ಗಲ್ಲಿಯೊಳಗ ಒಂದ ಸೀನಿಲ್ಲ! ಎಲ್ಲಾರೂ ಬಸಲಿಂಗಪ್ಪಗ ಕೈ ಮುಗದ್ರು. ಇನ್ನೊಂದು ಶಾಲಿನ ಮಾತೂ ಎದ್ದಿತ್ತು. ನಾಕನೇ ದಿವಸ ಬಿಸಲ ಬಿತ್ತು, ನೆಲಾ ಒಣಗಿತು, ಸಿದರಾಯ ಸೀನಿದ.

ಸೀನಿ ಬಾಯಿ ಮುಚ್ಚಿಕೊಂಡ. ಯಾಕಂದ್ರ ಎದರಿಗೆ ಅಲಕಾ ವೈನಿ ಎಣ್ಣಿ ಒಯ್ಯಾಕ ಬಂದು ನಿಂತಿದ್ಳು. "ಬೆಲ್ಲದ ಧೂಳ್ರಿ ವೈನಿ," ಅಂದ. ಬೆಲ್ಲಕ್ಕ ಧೂಳ ಎಲ್ಲಿಂದ ಬಂತು ಅಂತ ಆಕಿ ಕೇಳಲಿಲ್ಲ.

ಅವತ್ತಿನಿಂದ ಸುರು ಆತು ನೋಡ್ರಿ, ಸೀನು ಬಚ್ಚಿಡೂದು. ಒಬ್ಬಾಕಿ ಗಿಡಾ ಕಡಿಸಿದ ಮ್ಯಾಲೆ ಯಾವ ಮಾರಿ ಹೊತ್ತು ಸೀನೂದು?

ಅಲಕಾ ವೈನಿ ದಿನಾ ಕೇಳತಿದ್ಳು, "ಪೋರಿ ಹೆಂಗದಾಳ್ರಿ ಭಾವಜಿ?"

"ಬರೋಬ್ಬರಿ ಆಗ್ಯಾಳ್ರಿ ವೈನಿ. ನಿಮ್ಮ ಪುಣ್ಯಾ," ಅಂತಿದ್ದ ಬಸಲಿಂಗಪ್ಪ. ಹೇಳಿ, ಬಸ್ಸು ತಪ್ಪತೈತಿ ಅನ್ನೂವಂಗ ಓಡತಿದ್ದ. ಐತವಾರನೂ ಓಡತಿದ್ದ.

ಸಾಕ್ಷಿಗೆ ಒಂದು ಮಾತು ಹೇಳಿ ಇಟ್ಟಿದ್ದ: "ಅಲಕಾ ಆಜಿ ಮನಿ ಮುಂದ ಕೆಮ್ಮಬ್ಯಾಡವಾ. ಉಸರ ಹಿಡದು ದಾಟಿ ಬಾ." ಶಾಣ್ಯಾ ಹುಡುಗಿ, ಹೇಳಿದಂಗ ಮಾಡತಿತ್ತು. ಒಂದಿನ ಸಾಲಿಯಿಂದ ಬರಬೇಕಾದ್ರ ಹಂಗ ಹಿಡದು ಬಂದಾಕಿ, ದಾಟಿದ ಮ್ಯಾಲೆ ಉಸರ ಬಿಡಾಕ ಬರಲಿಲ್ಲ. ತುಟಿ ನೀಲಿ ಆದ್ವು. ನಿಂಗವ್ವ ಹೊಸ್ತಲದಾಗ ನಿಂತು ಎದಿ ಎದಿ ಬಡಕೊಂಡ್ಳು. ಬಸಲಿಂಗಪ್ಪ ಕೂಸಿನ್ನ ಹೆಗಲಿಗೆ ಹಾಕ್ಕೊಂಡು ಊರ ದವಾಖಾನಿಗೆ ಓಡಿದ. ಅಲ್ಲಿ ಉಸರ ಹತ್ತಿಸಿ, ಬೆಳಗಾವಿಗೆ ಅಲರ್ಜಿ ಡಾಕ್ಟರ ಕಡೆ ಚೀಟಿ ಬರದ್ರು.

ಬೆಳಗಾವಿ ಡಾಕ್ಟರ ಹೆಸರು ವರದಾ. ಸಣ್ಣ ವಯಸ್ಸಿನಾಕಿ, ಮಾತು ಮಾತ್ರ ತೂಕದ್ದು. ಯಾವುದರ ಅಲರ್ಜಿ ಅಂತ ನೋಡಾಕ ಸಾಕ್ಷಿ ಕೈ ಮ್ಯಾಲೆ ಎಂಟ ನಮೂನಿ ಹನಿ ಹಾಕಿ, ಎಂಟ ಕಡೆ ಸಣ್ಣಗ ಚುಚ್ಚಿ, ಕಾಲು ತಾಸು ಕುಂದರ್ಸಿದ್ಳು. ಎರಡ ಕಡೆ ಗಂಧೆ ಎದ್ದಂಗ ಎದ್ದಿತ್ತು. ಒಂದು ಹಾಸಿಗಿ ಧೂಳಿನ ಹುಳದ್ದು, ಒಂದು ಹುಲ್ಲಿನ ಪರಾಗದ್ದು.

"ನಾವು ಹೂವಿನ ಗಿಡಾ ಕಡಿಸೀವ್ರಿ ಮೇಡಂ," ಅಂದ ಬಸಲಿಂಗಪ್ಪ. ಇನ್ನೂ ಒಂದೀಟು ಮರ್ಯಾದಿ ಸಿಗಬಹುದು ಅಂತ ಆಸೆ.

"ಯಾವ ಗಿಡಾ?"

"ಸುರಂಗಿ."

"ಅಯ್ಯ! ಅದರ ಪರಾಗ ಜೇನ ಹೊತ್ತು ಒಯ್ತಾವ್ರಿ, ಹುಲ್ಲಿನ ಪರಾಗದಂಗ ಗಾಳಿಯೊಳಗ ಹಾರಿ ಬರೂದಲ್ಲ ಅದು. ಯಾರು ಹೇಳಿದ್ರು ಕಡೀರಿ ಅಂತ?"

"ಗಲ್ಲಿ ಮಂದ್ರಿ," ಅಂದ ಮೊದಲನೇ ಕೊಡಲಿ ಏಟು ಹಾಕಿದಾಂವ.

ಡಾಕ್ಟರ್ ತಿಳಿಸಿ ಹೇಳಿದ್ಳು. "ಈಕಿಗೆ ಹುಲ್ಲಿನ ಅಲರ್ಜಿ ಮೊದಲ ಇತ್ತು. ಅದು ಸಣ್ಣ ಕಳ್ಳ. ಬಾಗಲಾ ಹಾಕಿತ್ತು, ಅಂವ ನಾಕ ಸಲ ಬಡದು ಹೋಗತಿದ್ದ. ಈಗ ಬಾರೀಕ ಧೂಳು ಮೂಗಿನಾಗ, ಎದಿಯಾಗ ಹೋಗಿ ಕೆರದು ಕೆರದು ಬಾಗಲಾನ ಮುರದೈತಿ. ಸಣ್ಣ ಕಳ್ಳನೂ ಒಳಗ ಬಂದು ಗಾದಿ ಹಾಸಿ ಕುಂತಾನ. ಹೊಗಿ, ಧೂಳು ಇದ್ದಲ್ಲಿ ಅಲರ್ಜಿ ದುಪ್ಪಟ್ಟು ಆಗತೈತಿ. ನಿಮ್ಮ ಮನಿ ಬಾಜು ಫ್ಯಾಕ್ಟರಿ ಐತೇನ್ರಿ?"

"ಇಲ್ರಿ ಮೇಡಂ. ಖಾನಾಪೂರ್ರಿ ನಮ್ದು. ಅಡವಿ ಗಾಳಿ."

ಆಕಿ ಒಂದು ಬಿಳೇ ಹತ್ತಿ ಅಳ್ಳಿ ತಗೊಂಡು ಸಾಕ್ಷಿ ಪಾಟಿಚೀಲದ ಮ್ಯಾಲೆ ಒಮ್ಮಿ ಎಳದು ಟೇಬಲ್ ಮ್ಯಾಲೆ ಇಟ್ಳು. ಅಳ್ಳಿ ಕಾಡಿಗಿ ಆಗಿತ್ತು.

ಬಸಲಿಂಗಪ್ಪ ಅದನ್ನ ಎರಡ ಬೆರಳಿನ್ಯಾಗ ತಿಕ್ಕಿ ನೋಡಿದ. ತಿಕ್ಕೂದೂ ಬೇಕಿರಲಿಲ್ಲ. ಮೂವತ್ತು ವರ್ಷ ಊಟದ ತುತ್ತಿನ ಜೋಡಿ ನುಂಗಿದ್ದು. ಕತ್ತಲ್ಯಾಗ ಹೆಂಡ್ತಿನ್ನರೆ ಗುರ್ತು ಹಿಡೀತಿದ್ದಿಲ್ಲೇನೋ, ಅದನ್ನ ಹಿಡೀತಿದ್ದ.

"ಇದು ಎಲ್ಲಿಂದ ಬಂತ್ರಿ?" ಅಂತ ಡಾಕ್ಟರ್ ಕೇಳಿದ್ಳು.

"ಯಾರಿಗೊತ್ರಿ," ಅಂದ.

ಸಾಕ್ಷಿಗೆ ಸಿಟ್ಟು ಬಂತು. ಅಜ್ಜನ ದೊಡ್ಡಸ್ತಿಕಿ ಅಜ್ಜನ ಮುಚ್ಚಿಟ್ರ ಹೆಂಗ? "ನಮ್ಮ ಅಜ್ಜ ತಂದದ್ರಿ ಮೇಡಂ! ಮೂವತ್ತು ವರ್ಷದಿಂದ ಫೌಂಡ್ರಿ ಮೇಸ್ತ್ರಿ ಅದಾನ್ರಿ, ಅಲ್ಲಿ ಉಸುಕ್ರಿ! ಹದಿನಾಕು ಟೆಂಪೋ! ಪುಕಟ! ಶಾಲು ಹೊಚ್ಚಿ ಸತ್ಕಾರ ಮಾಡ್ಯಾರ್ರಿ, ಫೋಟೋ ಐತಿ ನಮ್ಮ ಮನ್ಯಾಗ."

ಆ ಖೋಲ್ಯಾಗ ನೆಲದಾಗ ಫರಸಿ ಹಾಸಿದ್ರು, ಇಲ್ಲಾಂದ್ರ ಬಸಲಿಂಗಪ್ಪ ಅಲ್ಲೇ ಮುಳಗಿ ನಾಗಲಿಂಗನ ಎಮ್ಮಿ ಹಂಗ ಲೋಂಡಾದಾಗ ಏಳಾಂವ ಇದ್ದ.

ಡಾಕ್ಟರ್ ಬೈಯಲಿಲ್ಲ. ಅದು ಇನ್ನೂ ಕೆಟ್ಟ. ಸುಮ್ಮನ ದಮ್ಮಿನ ಪಂಪ ಬರದು, ಹೊಡಕೊಳ್ಳೂದು ಸಾಕ್ಷಿಗೆ ಕಲಿಸಿ, "ಅದನ್ನ ಒಣಾ ಇದ್ದಾಗ ಕಸಬರಗಿ ಹಚ್ಚಬ್ಯಾಡ್ರಿ. ನೀರ ಹೊಡದು, ಹಸಿ ಮಾಡಿ ತಗಸ್ರಿ. ಅದು ಅಲ್ಲಿ ಇರೂ ತನಕ ಔಷಧ ಅರ್ಧಾನ ಕೆಲಸಾ ಮಾಡೂದು. ಮತ್ತ ನೀವೂ ಒಮ್ಮಿ ಎದಿ ಫೋಟೋ ತಗಸ್ರಿ, ಮೂವತ್ತು ವರ್ಷ ಅಂತಾಳ ಈಕಿ," ಅಂದ್ಳು.

"ನನಗೇನೂ ಆಗಿಲ್ರಿ," ಅಂದ ಬಸಲಿಂಗಪ್ಪ, ಅಂದು ಮೂರು ಸಲ ಸೀನಿದ.

ತಿರಗಿ ಬರೂ ಬಸ್ಸಿನ್ಯಾಗ ಸಾಕ್ಷಿ ಕಿಡಕಿ ಕಡೆ ಕುಂತಿದ್ಳು. "ಅಜ್ಜಾ, ಅಲಕಾ ಆಜಿಗೆ ಹೇಳೂಣು? ಗಿಡದ್ದೇನೂ ತಪ್ಪಿದ್ದಿಲ್ಲ ಅಂತ."

"ಹೇಳೂಣವಾ."

"ಯಾವಾಗ?"

"ನಾಳೆ."

ನಾಳೆ ಅನ್ನೂದು ಬಂತು. ಬಸಲಿಂಗಪ್ಪ ಅಂಗಿ ಹಾಕ್ಕೊಂಡು ಹೊಸ್ತಲಾ ದಾಟಿದ. ಬಾಜು ಮನ್ಯಾಗ ಯಾರೋ ಜ್ವಾಳದ ಚೀಲದಾಗ ಸೀನಿದ್ರು. ಒಂಟಿ ಸೀನು! ತಿರಗಿ ಬಂದು ಕುಂತ, ನೀರು ಕುಡದ. ಮರದಿನಾನೂ ಹಂಗ. ಅದರ ಮರದಿನಾನೂ. ಹೊಂಟಾಗೆಲ್ಲಾ ಒಂದು ಸೀನು ಬರೂದು, ಬರಲಿಲ್ಲಂದ್ರ ಬರೂ ತನಕ ಅಂವ ಹೊಸ್ತಲದಾಗ ಕಾಯತಿದ್ದ. ಎಂಟ ದಿವಸದಾಗ ನೀರು ಕುಡದು ಕುಡದು ಹೊಟ್ಟಿ ನೀರಿನ ಹರವಿ ಆಗಿತ್ತು. ಕೊಡಪಾನ ತಗೊಂಡು ಮಂದಿ ಅವನ ಮುಂದ ಪಾಳಿ ಹಚ್ಚೂದು ಒಂದು ಬಾಕಿ ಇತ್ತು.

ಒಂಬತ್ತನೇ ದಿವಸ ನಿಂಗವ್ವ ತಂಬಗಿ ಕೊಡಲಿಲ್ಲ. ಕೈಯಾಗ ಹಿಡಕೊಂಡ ನಿಂತ್ಳು. "ಒಂದು ಮಾತು ಕೇಳ್ತೀನ್ರಿ. ಗಿಡಾ ಕಡಿಯಾಕ ಹೋದ್ರಲ್ಲ, ಅವತ್ತು ಇಡೀ ಗಲ್ಲಿ ಸೀನತಿತ್ತು. ಅವತ್ತು ಯಾರಿಗೂ ಅಪಶಕುನ ಆಗಲಿಲ್ಲೇನ್ರಿ?"

ಸೀನು ಬಂತು, ಬಸಲಿಂಗಪ್ಪಗ. ಒಂಟಿದ್ದ. ಎರಡನೇದು ಬರತೈತೇನೋ ಅಂತ ಮೂಗು ಮ್ಯಾಲೆ ಮಾಡಿ ನೋಡಿದ, ಬರಲಿಲ್ಲ. ಚಪ್ಪಲಿ ಮೆಟ್ಟಿ ಹಂಗ ಹೋದ.

ಅಲಕಾ ವೈನಿ ಅಂಗಳದಾಗ ಕುಂತು ಬೆಳಗಾವಿ ಮಾರ್ಕೆಟ್ಟಿಂದ ತಂದ ಸೇವಂತಗಿ ಕಟ್ಟತಿದ್ಳು. ವಾಸನಿನ ಇಲ್ಲದ ಹೂವ. ಬಾಜುಕ ಸುರಂಗಿ ಬೊಡ್ಡಿ, ತಿಕ್ಕಿ ತೊಳದದ್ದು. ಬಂದವರಿಗೆ ಕುಂದರಾಕ ಅದನ್ನ ಈಗ ಮಣಿ ಮಾಡಿದ್ಳು.

"ಬರ್ರಿ ಭಾವಜಿ, ಕುಂದರ್ರಿ," ಅಂತ ಬೊಡ್ಡಿ ತೋರಿಸಿದ್ಳು.

ಬಸಲಿಂಗಪ್ಪ ನಿಂತ ಇದ್ದ. "ವೈನಿ, ಗಿಡದ್ದಲ್ರಿ. ಉಸುಕಿಂದು. ನಾ ತಂದ ಉಸುಕಿಂದು. ಸಾಕ್ಷಿಗೆ ಬರೋಬ್ಬರಿ ಆಗಿಲ್ಲ. ದಿನಾ ಸುಳ್ಳ ಹೇಳೀನಿ. ನಿಮ್ಮ ಮನಿ ಮುಂದ ಉಸರ ಹಿಡೀ ಅಂತ ಕೂಸಿಗೆ ನಾನ ಹೇಳಿದ್ದೆ." ಇಷ್ಟು ಹೇಳಾಕ ಅವಗ ಉಸುಕಿನ ಟೆಂಪೋ ಒಬ್ಬನ ಖಾಲಿ ಮಾಡಿದಷ್ಟು ದಣಿವಾತು.

ಅಲಕಾ ವೈನಿ ಗಂಟ ಹಾಕಿ ದಾರ ಹರದ್ಳು. "ಉಸುಕಿಂದು ನನಗ ಗೊತ್ತಿತ್ರಿ."

"ಆಂ?"

"ಸಂಕ್ರಾಂತಿಯಿಂದ ಎಲಿ ಮ್ಯಾಲೆ ಕರೇ ಪುಡಿ ಕುಂದರತಿತ್ತು. ಮೊಗ್ಗ ತೊಳದ್ರ ನೀರು ಮಸಿ ಆಗ್ತಿತ್ತು."

"ಮತ್ತ ಯಾಕ ಬಾಯಿ ಬಿಡಲಿಲ್ರಿ ವೈನಿ!"

"ಬಿಟ್ಟಿದ್ರ ಏನ ಅಂತಿದ್ರಿ? ತನ್ನ ಗಿಡಾ ಉಳಸಿಕೊಳ್ಳಾಕ ಶಾಲು ಹೊಚ್ಚಿದ ಮನಶ್ಯಾನ ಮ್ಯಾಲೆ ಹಾಕ್ತಾಳ ಅಂತಿದ್ರಿ. ಮತ್ತ..." ಆಕಿ ದನಿ ಸಣ್ಣದಾತು. "ಖರೇನ ಗಿಡದಿಂದ ಇದ್ದಿದ್ರ? ನಾ ಏನ ಡಾಕ್ಟರ್ ಏನ್ರಿ? ಪೋರಿ ಎದಿ ಹಂಗ ಒದರತಿತ್ತು. ನನಗೂ ಅಂಜಿಕಿ ಬಂತು."

ಬಸಲಿಂಗಪ್ಪ ನೆಲಾ ನೋಡಿದ. ನೆಲಾನೂ ಕರ್ರಗ ಇತ್ತು. ಎಲ್ಲಿ ನೋಡಿದ್ರೂ ತಾ ತಂದ ಉಸುಕ.

ಆವಾಗ ಅಲಕಾ ವೈನಿ ಮುಖಾ ಒಂಥರಾ ಆತು. ಸೆರಗ ಮೂಗಿಗೆ ಹಿಡದ್ಳು, ಬಿಟ್ಳು. "ಇನ್ನ ಹಿಡಿಯಾಕ ಆಗೂದಿಲ್ಲ ಭಾವಜಿ," ಅಂದು ಸೀನಿದ್ಳು. ಒಂದಲ್ಲ, ಹನ್ನೊಂದು. ಗಿಡದಾಕಿನ ಸೀನಿದ್ರ ಮಂದಿ ಗಿಡದ್ದ ತಪ್ಪು ನೋಡ್ರಿ ಅಂತಾರ ಅಂತ ಆಕಿನೂ ಗಿಡದ ಮಾತು ಎದ್ದಾಗಿನಿಂದ ಹಿಡಕೊಂಡ ಕುಂತಿದ್ಳು!

ಆಮ್ಯಾಲೆ ಸಿದರಾಯನ ಅಂಗಡಿಯಿಂದ ಒಂದು ಸೀನು ಬಂತು. ನಾಗಲಿಂಗನ ಮನಿಯಿಂದ ಒಂದು. ಮುಂದ ಮನಿ ಮನಿಯಿಂದ, ಬಾಗಲಾ ತಗದು, ಮಾರಿ ಎತ್ತಿ, ತಿಂಗಳಾನುಗಟ್ಟಲೆ ಬಚ್ಚಿಟ್ಟ ಸೀನೆಲ್ಲಾ ಹೊರಗ ಬಂದ್ವು. ಖಾನಾಪೂರ ಸ್ಟೇಶನ್ನಿನ್ಯಾಗ ಹೊಂಟ ಗೂಡ್ಸ ಗಾಡಿ ನಿಂತು, ನೀರು ಕುಡದು, ಅರ್ಧಾ ತಾಸು ತಡಾ ಮಾಡಿ ಹೋತು.

ಮಳಿ ಹತ್ತೂದ್ರಾಗ ಉಸುಕು ತಗದ್ರು. ಬಸಲಿಂಗಪ್ಪ ಮೂಗಿಗೆ ಒದ್ದಿ ಅರಬಿ ಕಟ್ಟಿಕೊಂಡು ನೀರು ಹೊಡದು ಹೊಡದು ತಾನ ಸಲಿಕಿ ಹಿಡದ. ಟೆಂಪೋದಿಂದ ಧೂಳು ಹಾರಬಾರದು ಅಂತ ತಾಡಪತ್ರಿ ಹೊಚ್ಚಿದ್ರು. ಒಂದು ಮೂಲ್ಯಾಗ ಕಮ್ಮಿ ಬಿದ್ದಲ್ಲಿ ಸತ್ಕಾರದ ಶಾಲು ತೊಯ್ಸಿ ಹಾಕಿದ. ಫೌಂಡ್ರಿ ಮಾಲಕ ತಲಿ ಮ್ಯಾಲೆ ಕೈ ಇಟ್ಟುಕೊಂಡ: "ಒಯ್ದ ಉಸುಕು ತಿರಗಿ ತಂದಾಂವ ನೀ ಒಬ್ಬನ ನೋಡಪಾ."

ಒಯ್ದದ್ದು ಹದಿನಾಕು ಟೆಂಪೋ. ತಿರಗಿ ಬಂದದ್ದು ಹನ್ನೊಂದು. ಉಳದ ಮೂರು ಎಲ್ಲಿ ಹೋದ್ವು ಅಂತ ಗಲ್ಲಿಯೊಳಗ ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲಾರೂ ಸುಮ್ಮನ ಒಮ್ಮಿ ತಂತಮ್ಮ ಎದಿ ಮುಟ್ಟಿ ನೋಡಿಕೊಂಡ್ರು.

ಸಾಕ್ಷಿಗೆ ಈಗ ಹಗರ ಐತಿ. ಹುಲ್ಲು ತೆನಿ ಬಿಟ್ಟಾಗ ನಾಕ ಸೀನು ಸೀನತಾಳ, ಜೋರಾಗಿ, ಅಲಕಾ ಆಜಿ ಮನಿ ಮುಂದನ ನಿಂತು. ಪಂಪ ಪಾಟಿಚೀಲದಾಗ ಇರತೈತಿ. ಗಲ್ಲಿಗೆ ರಾಡಿ ತಿರಗಿ ಬಂದೈತಿ. ನಾಗಲಿಂಗ ಎಮ್ಮಿಗೆ ಉದ್ದನ ಹಗ್ಗಾ ಕಟ್ಟ್ಯಾನ.

ಬಸಲಿಂಗಪ್ಪ ಸಂಜಿಕ ಬಸ್ಸಿಳದು ಬರೂಮುಂದ ಅಲಕಾ ವೈನಿ ಈಗಲೂ ಕರೀತಾಳ, "ಬರ್ರಿ ಭಾವಜಿ, ಕುಂದರ್ರಿ." ಸಾಕ್ಷಿ ಓಡಿ ಹೋಗಿ ಬೊಡ್ಡಿ ಮ್ಯಾಲೆ ಕುಂದರತಾಳ. ಇಬ್ಬರಿಗೆ ಜಾಗಾ ಐತಿ ಅಂತ ಸರದ ಕುಂದರತಾಳ. ಬಸಲಿಂಗಪ್ಪ ಮಾತ್ರ ಇವತ್ತಿನ ತನಕ ಕುಂತಿಲ್ಲ. ಮೊಣಕಾಲ ಮಟ ರಾಡಿಯೊಳಗ ನಿಂತ ಮಾತಾಡಿ, ನಿಂತ ಚಾ ಕುಡದು, ಮನಿಗೆ ಹೋಗತಾನ.